ಹಾಡಿನ ಮುಖ, ಹಾಡಿದವರ ಹೆಸರು

ಹನೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. 1990ರ ದಶಕದ ಮಾತು. ಅಂಗಡಿಯೆಂದರೆ ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದಂಥ ಮಳಿಗೆ. ಗಾಜಿನ ಹಿಂದೆ ಕ್ಯಾಸೆಟ್‌ಗಳನ್ನು ಮುಖ ಮುಂದೆ ಮಾಡಿ ಜೋಡಿಸಿರುತ್ತಿದ್ದರು. ಮಹದೇಶ್ವರ ಬೆಟ್ಟಕ್ಕೆ ಹೋಗುವ ಪರಸೆಯ ಜನ ಅಲ್ಲಿ ಇಳಿದು ಹತ್ತುತ್ತಿದ್ದುದರಿಂದ ಮೇಲಿನ ಸಾಲುಗಳು ಮಾದಪ್ಪನಿಗೆ ಮೀಸಲು. ಅದರ ಕೆಳಗೆ ಸಿನಿಮಾ ಹಾಡು. ಒಂದು ಮೂಲೆಯಲ್ಲಿ ತಮಿಳು. ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಆ ನಂಟು ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ. ತೀರ ಕೆಳಗಿನ ಸಾಲಿನಲ್ಲಿ ನಮ್ಮ ಮನೆಯವರು ಕೊಳ್ಳುತ್ತಿದ್ದ ಖವ್ವಾಲಿ ಮತ್ತು ನಾತ್ ಕ್ಯಾಸೆಟ್‌ಗಳು.

ಉರ್ದು ಶಾಲೆಯಲ್ಲಿ ಮೊದಲ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದ ಹುಡುಗ ನಾನು. ಆ ಗಾಜಿನ ಮುಂದೆ ನಿಂತು ಎರಡೂ ಲಿಪಿಗಳನ್ನು ಓದುವುದು ನನ್ನ ಆಟ. ಹಾಗೆ ಓದುತ್ತಿದ್ದಾಗ ಒಂದು ದಿನ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಮೇಲಿನ ಸಾಲಿನಲ್ಲಿ ಹುಲಿಯ ಮೇಲೆ ಕುಳಿತ ಮಾದಪ್ಪ. ಅವನ ತಲೆಯ ಹಿಂದೆ ಹಳದಿ ಕಿರಣಗಳು. ಕೆಳಗೆ ಕೆಂಪು ಅಂಚಿನ ದಪ್ಪ ಹಳದಿ ಅಕ್ಷರಗಳು. ಕೆಳಗಿನ ಸಾಲಿನಲ್ಲಿ ಮದೀನಾದ ಹಸಿರು ಗುಮ್ಮಟ. ಅದರ ಹಿಂದೆಯೂ ಅದೇ ಹಳದಿ ಕಿರಣಗಳು. ಕೆಳಗೆ ಅದೇ ಕೆಂಪು ಅಂಚಿನ ಹಳದಿ ಅಕ್ಷರ. ದೇವರು ಬೇರೆ, ಭಾಷೆ ಬೇರೆ, ಚಿತ್ರ ಬರೆದ ಕೈ ಮಾತ್ರ ಒಂದೇ ಎನ್ನುವಷ್ಟು ಹೋಲಿಕೆ.

ಇಪ್ಪತ್ತೈದು ಮೂವತ್ತು ವರ್ಷಗಳ ನಂತರ ಆ ಚಿಕ್ಕ ಕಾಗದಗಳ ಬಗ್ಗೆ ಬರೆಯಲು ಹೊರಟಿದ್ದೇನೆ. ಹಾಡಿನ ಇತಿಹಾಸವನ್ನು ಬರೆದವರು ಬಹಳ ಮಂದಿ. ಹಾಡನ್ನು ಮಾರಲು ಬರೆದ ಚಿತ್ರದ ಇತಿಹಾಸ ಅಷ್ಟಾಗಿ ಬಂದಿಲ್ಲ. ಆದರೆ ಹಾಡಿದವರಲ್ಲಿ ಯಾರು ಜನರ ನೆನಪಿನಲ್ಲಿ ಉಳಿದರು, ಯಾರು ಅಳಿದರು ಎಂಬುದನ್ನು ಎಷ್ಟೋ ಸಲ ತೀರ್ಮಾನಿಸಿದ್ದು ಆ ಚಿತ್ರವೇ.

ಫರಿಶ್ತೆ ಮತ್ತು ನಾಯಿ

ಕಥೆ ನಮ್ಮ ದೇಶದಲ್ಲಿ ಶುರುವಾಗುವುದು 1902ರ ನವೆಂಬರ್‌ನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿದ. ಗಾಯಕಿ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಹಾಡು ಸುಮಾರು ಮೂರು ನಿಮಿಷದಲ್ಲಿ ಮುಗಿಯಬೇಕು. ಮುದ್ರಿಸಿದ ಮೇಣದ ತಟ್ಟೆಗಳು ಹಡಗೇರಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅರಗಿನ ತಟ್ಟೆಗಳಾಗಿ ಮರಳಿ ಬರುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗೊತ್ತಾಗಬೇಕಲ್ಲ? ಅದಕ್ಕಾಗಿ ಹಾಡಿನ ಕೊನೆಯಲ್ಲಿ ಹಾಡಿದವರೇ ತಮ್ಮ ಹೆಸರು ಹೇಳುತ್ತಿದ್ದರು. ಹಾಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳಿದವರಲ್ಲಿ ಎಲ್ಲರಿಗಿಂತ ಪ್ರಸಿದ್ಧಳು ಗೌಹರ್ ಜಾನ್.

ಆ ಕಾಲದ ತಟ್ಟೆಗೆ ಈಗಿನಂತೆ ಚಿತ್ರವಿರುವ ಹೊದಿಕೆ ಇರಲಿಲ್ಲ. ಸಾದಾ ಕಾಗದದ ಚೀಲ, ನಡುವೆ ದುಂಡಗೆ ಕತ್ತರಿಸಿದ ಕಿಂಡಿ. ಕಿಂಡಿಯಲ್ಲಿ ಕಾಣುವ ಅಂಗೈಯಗಲದ ಚೀಟಿಯೇ ಇಡೀ ಜಾಹೀರಾತು. ಕಂಪನಿಯ ಮೊದಲ ಗುರುತು ಒಂದು ದೇವದೂತನ ಚಿತ್ರ: ರೆಕ್ಕೆಯುಳ್ಳ ಮಗುವೊಂದು ತಟ್ಟೆಯ ಮೇಲೆ ಕೂತು ಗರಿಯಿಂದ ಬರೆಯುತ್ತಿದೆ. 1898ರಷ್ಟು ಹಿಂದಿನ ಗುರುತು ಅದು. ಬರೆದಿಡುವ ಫರಿಶ್ತೆಗಳು ನಮಗೆ ಹೊಸಬರಲ್ಲ. ಪ್ರತಿಯೊಬ್ಬನ ಹೆಗಲ ಮೇಲೂ ಕೂತು ಅವನ ಒಳಿತು ಕೆಡುಕುಗಳನ್ನು ದಾಖಲಿಸುವ ಕಿರಾಮನ್ ಕಾತಿಬೀನ್‌ರನ್ನು ಮದರಸದ ಮಗುವೂ ಬಲ್ಲದು. ಯೂರೋಪಿನ ವ್ಯಾಪಾರಿ ತನ್ನ ಕ್ರೈಸ್ತ ನೆನಪಿನಿಂದ ತೆಗೆದ ಚಿತ್ರ, ಕಲ್ಕತ್ತೆಯ ಮುಸ್ಲಿಂ ಗಾಯಕಿಯ ತಟ್ಟೆಯ ಮೇಲೆ ಬಂದು ಕೂತಾಗ ಅಪರಿಚಿತವಾಗೇನೂ ಕಾಣಿಸಿರಲಾರದು.

ಮುಂದಿನ ದಶಕದ ಹೊತ್ತಿಗೆ ಫರಿಶ್ತೆ ಹಿಂದೆ ಸರಿದು ನಾಯಿ ಬಂತು. ಕಹಳೆಯ ಮುಂದೆ ಕಿವಿಯಾನಿಸಿ ಕೂತ ಆ ನಾಯಿಯನ್ನು ಎಚ್‌ಎಂವಿ ರೆಕಾರ್ಡ್‌ಗಳ ಮೇಲೆ ನೋಡದವರಿಲ್ಲ. ಅದರ ಹೆಸರು ನಿಪ್ಪರ್. ಚಿತ್ರ ಬರೆದವನು ಇಂಗ್ಲೆಂಡಿನ ಫ್ರಾನ್ಸಿಸ್ ಬರಾಡ್. ಸ್ವಾರಸ್ಯವೇನೆಂದರೆ ಅವನು ಮೊದಲು ಬರೆದದ್ದು ಗ್ರಾಮಫೋನ್ ಅಲ್ಲ. ಎಡಿಸನ್ ಮಾದರಿಯ, ಉರುಳೆಯಿಂದ ಹಾಡುವ ಫೋನೋಗ್ರಾಫ್ ಯಂತ್ರ. ಅದನ್ನು ಕೊಳ್ಳುವವರು ಸಿಗಲಿಲ್ಲ. 1899ರಲ್ಲಿ ಗ್ರಾಮಫೋನ್ ಕಂಪನಿ ಒಂದು ಷರತ್ತಿನ ಮೇಲೆ ಕೊಂಡಿತು: ಹಳೆಯ ಯಂತ್ರದ ಮೇಲೆ ಬಣ್ಣ ಬಳಿದು ತಮ್ಮ ಯಂತ್ರವನ್ನು ಬರೆಯಬೇಕು. ಬರಾಡ್ ಹಾಗೆಯೇ ಮಾಡಿ, ಚಿತ್ರಕ್ಕೆ 50 ಪೌಂಡ್, ಹಕ್ಕಿಗೆ 50 ಪೌಂಡ್ ಪಡೆದ. ಮೂಲ ಚಿತ್ರವನ್ನು ಸರಿಯಾದ ಬೆಳಕಿನಲ್ಲಿ ನೋಡಿದರೆ ಅಡಿಯಲ್ಲಿ ಹಳೆಯ ಯಂತ್ರ ಇನ್ನೂ ಕಾಣುತ್ತದಂತೆ.

ಸಂಗೀತದ ಜಾಹೀರಾತುಗಳಲ್ಲೆಲ್ಲ ಬಹಳ ದೊಡ್ಡ ಹೆಸರು ಮಾಡಿದ ಚಿತ್ರವೇ ಒಂದರ ಮೇಲೆ ಇನ್ನೊಂದನ್ನು ಬಳಿದು ಆದದ್ದು. ಈ ಮಾತನ್ನು ನೆನಪಿನಲ್ಲಿಡೋಣ. ಮುಂದೆ ಬೇಕಾಗುತ್ತದೆ.

ಬೆಂಕಿಪೊಟ್ಟಣದ ಮೇಲೆ ಗೌಹರ್

ಗೌಹರ್ ಜಾನ್ ಹುಟ್ಟಿದ್ದು 1873ರಲ್ಲಿ, ಆಜಮ್‌ಗಢದಲ್ಲಿ. ಹುಟ್ಟು ಹೆಸರು ಏಂಜೆಲಿನಾ. ಆರ್ಮೇನಿಯನ್ ಮೂಲದ ತಂದೆಯ ಮಗಳು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ವಿಕ್ಟೋರಿಯಾ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದಳು, ಮಗಳು ಗೌಹರ್ ಆದಳು. ರೆಕಾರ್ಡ್ ಬಂದ ಮೇಲೆ ಅವಳ ಭಾವಚಿತ್ರ ಅಂಚೆ ಕಾರ್ಡುಗಳ ಮೇಲೆ ಬಂತು; ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಬಂತು. ಅವಳ ಮೆಹಫಿಲ್‌ಗೆ ಹೋಗುವ ಶಕ್ತಿ ಇಲ್ಲದವನೂ ಬೀಡಿ ಹಚ್ಚುವಾಗ ಅವಳ ಮುಖ ನೋಡಬಹುದಿತ್ತು.

ಇದರಲ್ಲಿ ಎರಡು ಸತ್ಯಗಳಿವೆ. ಸಭ್ಯರ ಮನೆಯ ಹೆಣ್ಣುಮಕ್ಕಳು ಕಹಳೆಯ ಮುಂದೆ ಬರಲೊಲ್ಲದ ಕಾಲದಲ್ಲಿ, ಗಂಡಸರಾದ ಉಸ್ತಾದರೂ ಯಂತ್ರಕ್ಕೆ ಹೆದರಿ ಹಿಂಜರಿದಾಗ, ತವಾಯಿಫ್‌ಗಳೂ ದೇವದಾಸಿ ಮನೆತನದ ಗಾಯಕಿಯರೂ ಮುಂದೆ ಬಂದು ಈ ದೇಶದ ಧ್ವನಿಮುದ್ರಣಕ್ಕೆ ಬುನಾದಿ ಹಾಕಿದರು. ನಮ್ಮ ನೆರೆಯ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನೂ ಆ ಪೀಳಿಗೆಯವಳೇ. ಇದು ಒಂದು. ಹಾಡಿದವಳ ಮುಖವನ್ನು ಅವಳಿಗೆ ಸಂಬಂಧವೇ ಇಲ್ಲದ ಸರಕನ್ನು ಮಾರಲು ಬಳಸಬಹುದು ಎಂದು ವ್ಯಾಪಾರ ಕಲಿತದ್ದೂ ಆಗಲೇ. ಇದು ಎರಡು. ಬೆಂಕಿಕಡ್ಡಿಗೂ ಠುಮ್ರಿಗೂ ಏನು ಸಂಬಂಧ?

ಈ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೆ ಬಂದಳು. ಆಸ್ತಿ, ವ್ಯಾಜ್ಯ, ಬಂಧುಗಳ ಕಾಟದಿಂದ ಬಳಲಿದ್ದ ಅವಳನ್ನು 1928ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಒಂದೂವರೆ ವರ್ಷವೂ ಕಳೆಯಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ವಿಕ್ರಮ್ ಸಂಪತ್ 2010ರಲ್ಲಿ ಅವಳ ಬಗ್ಗೆ ಪುಸ್ತಕ ಬರೆಯುವವರೆಗೆ, ಮೈಸೂರಿನ ನೀರು ಕುಡಿದು ಬೆಳೆದ ನಮ್ಮಂಥ ಎಷ್ಟೋ ಜನರಿಗೆ ಅವಳು ನಮ್ಮ ಊರಿನಲ್ಲಿ ಕಣ್ಣುಮುಚ್ಚಿದಳೆಂಬುದೇ ಗೊತ್ತಿರಲಿಲ್ಲ. ಬೆಂಕಿಪೊಟ್ಟಣದ ಮುಖ ಎಂದೋ ಬೂದಿಯಾಗಿತ್ತು. ಉಳಿದದ್ದು, ತಟ್ಟೆಯ ಕೊನೆಯಲ್ಲಿ ಅವಳೇ ಹೇಳಿದ್ದ ಹೆಸರು.

ನಾಲ್ಕು ಅಂಗುಲದ ಲೋಕ

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ತಂದದ್ದು 1963ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ಹೊಳೆಯಂತೆ ನುಗ್ಗಿದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ರೆಕಾರ್ಡ್ ಎಂದರೆ ಬಹುಪಾಲು ಎಚ್‌ಎಂವಿ ಎಂಬಂತಿತ್ತು. ಕ್ಯಾಸೆಟ್ ಅಗ್ಗದ್ದು, ಸಣ್ಣ ಊರಿನವನೂ ಎರಡು ಯಂತ್ರ ಇಟ್ಟುಕೊಂಡು ಕಂಪನಿ ತೆರೆಯಬಹುದಿತ್ತು. ಹಾಗಾಗಿಯೇ ದೊಡ್ಡ ಕಂಪನಿಗಳು ತಿರುಗಿಯೂ ನೋಡದಿದ್ದ ಕಂಸಾಳೆ ಪದ, ಮಂಟೇಸ್ವಾಮಿ ಕಥೆ, ಸಿದ್ದಪ್ಪಾಜಿಯ ಪವಾಡ, ದಖ್ಖನಿ ನಾತ್ ಎಲ್ಲವೂ ಅಂಗಡಿಯ ಗಾಜಿನ ಹಿಂದೆ ಬಂದವು. ನಮ್ಮ ಹನೂರು ಸೀಮೆಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿಬಂದವರ ಚೀಲದಲ್ಲಿ ಕಡ್ಲೆಪುರಿಯ ಜೊತೆ ಒಂದು ಕ್ಯಾಸೆಟ್ ಇರುತ್ತಿತ್ತು.

ಆದರೆ ಚಿತ್ರಕ್ಕಿದ್ದ ಜಾಗ ಕುಗ್ಗಿತು. ಎಲ್‌ಪಿ ತಟ್ಟೆಯ ಹೊದಿಕೆ ಹನ್ನೆರಡು ಅಂಗುಲದ ಚೌಕ. ಗೋಡೆಗೆ ತೂಗುಹಾಕಿದರೆ ಪಟವೇ. ಕ್ಯಾಸೆಟ್ಟಿನ ಮುಖವೋ ನಾಲ್ಕು ಅಂಗುಲ ಉದ್ದ, ಎರಡೂವರೆ ಅಂಗುಲ ಅಗಲ. ಇದನ್ನು ಬಸ್ಸಿನ ಕಿಟಕಿಯಲ್ಲಿ ಕೂತವನಿಗೂ ಕಾಣಿಸಬೇಕು. ಆದ್ದರಿಂದ ಕಲಾವಿದ ಬೇಡದ್ದನ್ನೆಲ್ಲ ಬಿಟ್ಟ. ನಡುವೆ ಒಂದೇ ಆಕೃತಿ: ದೇವರು ಅಥವಾ ಗುಮ್ಮಟ ಅಥವಾ ನಾಯಕ ನಾಯಕಿ. ಆಕೃತಿಯ ಹಿಂದೆ ಕಿರಣ, ಕಣ್ಣು ಅಲ್ಲಿಗೇ ಹೋಗಲಿ ಎಂದು. ಕೆಂಪಿನ ಮೇಲೆ ಹಳದಿ ಅಕ್ಷರ, ಮಂಕು ಬಲ್ಬಿನ ಬೆಳಕಿನಲ್ಲೂ ಎದ್ದು ಕಾಣುವುದೆಂದು. ಮೇಲೆ ಕಂಪನಿಯ ಮುದ್ರೆ. ಒಂದರ ಮೇಲೊಂದು ಪೇರಿಸಿದಾಗಲೂ ಗೊತ್ತಾಗಲೆಂದು ಬೆನ್ನಿನ ಪಟ್ಟಿಯಲ್ಲಿ ಹೆಸರು ಇನ್ನೊಮ್ಮೆ. ಎ ಬದಿ, ಬಿ ಬದಿಯ ಹಾಡುಗಳು ಹಿಂದಿನ ಮಡಿಕೆಗೆ. ಹಾಡಿದವರು? ಅವರಿಗೆ ಉಳಿದದ್ದು ಒಳಮಡಿಕೆಯ ಇರುವೆ ಸಾಲಿನಂಥ ಅಕ್ಷರಗಳು.

ಎರಡು ಧರ್ಮಗಳ ಕ್ಯಾಸೆಟ್ಟುಗಳು ಒಂದೇ ತರ ಕಾಣುತ್ತಿದ್ದುದಕ್ಕೆ ಕಾರಣವೂ ಇಲ್ಲೇ ಇದೆ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ದೇವರುಗಳನ್ನು ಮನೆಮನೆಯ ಗೋಡೆಗೆ ತಂದ ಮೇಲೆ ಬೆಳೆದ ಕ್ಯಾಲೆಂಡರ್ ಕಲೆ ಶಿವಕಾಶಿಯಂಥ ಊರುಗಳಲ್ಲಿ ಎಲ್ಲ ಧರ್ಮದ ಗಿರಾಕಿಗಳಿಗೂ ದುಡಿಯಿತು. ಲಕ್ಷ್ಮಿಯನ್ನು ಅಚ್ಚು ಹಾಕಿದ ಯಂತ್ರವೇ ಮರುದಿನ ಕಾಬಾದ ಚಿತ್ರ ಅಚ್ಚು ಹಾಕುತ್ತಿತ್ತು. ಹುಲಿಯ ಮೇಲೆ ಕುಳಿತ ಸಂತ ನಮ್ಮ ಬೆಟ್ಟಕ್ಕೆ ಮಾತ್ರ ಸೇರಿದವನೂ ಅಲ್ಲ. ಬಂಗಾಳದ ಸುಂದರಬನದಲ್ಲಿ ಗಾಜಿ ಪೀರ್ ಹುಲಿಯೇರಿ ಬರುತ್ತಾನೆ. ಸುಮಾರು 1800ರ ಕಾಲದ ಅವನ ಚಿತ್ರಸುರುಳಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಾಡಿನಂಚಿನಲ್ಲಿ ಬದುಕುವ ಜನರಿಗೆ ಹುಲಿಯನ್ನು ಪಳಗಿಸಿದವನೇ ದೊಡ್ಡವನು. ಅವನು ಜಂಗಮನಾಗಲಿ, ಪೀರನಾಗಲಿ.

ಬೆಟ್ಟದ ಗರ್ಭಗುಡಿಯಲ್ಲಿರುವುದು ಲಿಂಗ. ಆದರೆ ಕಣ್ಣುಮುಚ್ಚಿದರೆ ನಮ್ಮ ಸೀಮೆಯವರ ಮನಸ್ಸಿಗೆ ಬರುವುದು ಹುಲಿಯೇರಿದ ಮಾದಪ್ಪ. ಕಥೆಯಲ್ಲಿದ್ದ ಆ ರೂಪವನ್ನು ಎಲ್ಲರ ಕಣ್ಣಿಗೂ ಒಂದೇ ಆಗಿ ಅಚ್ಚೊತ್ತಿದ್ದರಲ್ಲಿ ಪಟ, ಕ್ಯಾಲೆಂಡರ್, ಕ್ಯಾಸೆಟ್‌ಗಳ ಪಾಲು ದೊಡ್ಡದು. 2023ರ ಮಾರ್ಚ್‌ನಲ್ಲಿ ಬೆಟ್ಟದಲ್ಲಿ 108 ಅಡಿ ಎತ್ತರದ ಪ್ರತಿಮೆ ಉದ್ಘಾಟನೆಯಾಯಿತು. ಅಲ್ಲೂ ಮಾದಪ್ಪ ಹುಲಿಯ ಮೇಲೆಯೇ. ನಾಲ್ಕು ಅಂಗುಲದ ಚಿತ್ರ 108 ಅಡಿಯಾಗಿ ನಿಂತಂತೆ ನನಗೆ ಕಂಡಿತು.

ಹೆಸರು ಅಚ್ಚಾದ ಸಂಭ್ರಮ

ಎಲ್ಲ ಕ್ಯಾಸೆಟ್ಟುಗಳೂ ಹೆಸರನ್ನು ಅಡಗಿಸಲಿಲ್ಲ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಖ್ಯಾತವಾಯಿತು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ, ಕವಿ ಕೆ.ಎಸ್. ನಿಸಾರ್ ಅಹಮದ್. ಸಿನಿಮಾದ ಹಂಗಿಲ್ಲದೆ, ದೇವರ ಪಟದ ಹಂಗೂ ಇಲ್ಲದೆ, ಕವಿಯ ಹೆಸರಿನ ಮೇಲೆ ಹಾಡು ಮಾರಾಟವಾಗಬಹುದು ಎಂದು ಅದು ತೋರಿಸಿತು. ಉರ್ದು ಪತ್ರಿಕೆ ಬಿಟ್ಟರೆ ಬೇರೆ ಓದದ ನಮ್ಮ ಅಬ್ಬಾ, ಆ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಕವಿಯ ಹೆಸರನ್ನು ನನ್ನಿಂದ ಓದಿಸಿದ್ದು ನೆನಪಿದೆ. ಅವರಿಗೆ ಹಾಡು ಎಷ್ಟು ಅರ್ಥವಾಯಿತೋ ಕಾಣೆ. ಆದರೆ ಹಾಗೊಂದು ಹೆಸರು ಕನ್ನಡದ ಹಾಡಿನ ಮೇಲೆ ಅಚ್ಚಾಗಿದೆ ಎಂಬುದು ಅರ್ಥವಾಗಿತ್ತು. ಅದನ್ನು ಅವರು ಕೊಂಡು ತಂದರು.

ನಮ್ಮ ಫುಪ್ಪಿಯ ಕ್ಯಾಸೆಟ್ಟಿನ ಕಥೆ ಬೇರೆ. ಅಬ್ಬಾನ ತಂಗಿ ಆಕೆ. ರೇಷ್ಮೆ ಚರಕದ ಮುಂದೆ ಕೂತು ನೂಲು ತೆಗೆಯುತ್ತಾ ನಾತ್ ಹಾಡುತ್ತಿದ್ದರೆ ಬೀದಿಯಲ್ಲಿ ಹೋಗುವವರು ನಡಿಗೆ ನಿಧಾನ ಮಾಡುತ್ತಿದ್ದರು. ಹೆಂಗಸರ ಮೀಲಾದ್ ಮಜಲಿಸ್‌ಗೆ ಆಕೆ ಬಾರದೆ ಕಳೆ ಇಲ್ಲ. ಅದನ್ನು ಕೇಳಿದ ಕ್ಯಾಸೆಟ್ ತಯಾರಕರೊಬ್ಬರು ಮನೆಗೇ ಬಂದರು. ಮನೆಯಲ್ಲಿ ಎರಡು ದಿನ ಚರ್ಚೆ. ಹಾಡಬಹುದೇ, ಹಾಡಬಾರದೇ, ಫೋಟೋ ಹಾಕುತ್ತಾರಾ. ಕೊನೆಗೆ ಫುಪ್ಪಿಯೇ ತೀರ್ಮಾನ ಹೇಳಿದರು: “ಮುಖ ಬೇಡ ಭಾಯಿಜಾನ್. ಹೆಸರು ಹಾಕಲಿ.”

ಎಂಟು ನಾತ್‌ಗಳನ್ನು ಒಂದೇ ದಿನದಲ್ಲಿ ಹಾಡಿಸಿಕೊಂಡರು. ಮೂರು ತಿಂಗಳ ನಂತರ ಕ್ಯಾಸೆಟ್ ಬಂತು. ಹಸಿರು ಗುಮ್ಮಟ, ಅದರ ಹಿಂದೆ ಕಿರಣ, ಎರಡು ಬದಿಗೆ ಎರಡು ಗುಲಾಬಿ. ಮುಖ ಬೇಡ ಎಂದದ್ದನ್ನು ಪಾಲಿಸಿದ್ದರು. ಒಳಮಡಿಕೆಯಲ್ಲಿ ಹುಡುಕಿದೆವು. ‘ಆವಾಜ್: ಖವಾತೀನ್’ ಎಂದಿತ್ತು, ಅಂದರೆ, ಹಾಡಿದವರು ಹೆಂಗಸರು. ಹಾಡಿದ್ದು ಒಬ್ಬರೇ. ಮೂಲೆಯಲ್ಲಿ ಒಂದು ಫೋಟೋ ಮಾತ್ರ ಇತ್ತು, ಅಂಚೆಚೀಟಿಯಷ್ಟು ಚಿಕ್ಕದು. ಅದು ನಿರ್ಮಾಪಕರದ್ದು.

ಫುಪ್ಪಿ ಏನೂ ಅನ್ನಲಿಲ್ಲ. ಕ್ಯಾಸೆಟ್ಟನ್ನು ಟ್ರಂಕಿನಲ್ಲಿಟ್ಟರು. ಎಷ್ಟೋ ದಿನಗಳ ಮೇಲೆ ನಾನದನ್ನು ತೆಗೆದು ನೋಡಿದಾಗ ಎ ಬದಿಯ ಚೀಟಿಯ ಮೇಲೆ ನೀಲಿ ಬಾಲ್ ಪೆನ್ನಿನಲ್ಲಿ ಉರ್ದುವಿನಲ್ಲಿ ಆಕೆಯ ಹೆಸರು ಬರೆದಿತ್ತು. ಅಬ್ಬಾನ ಕೈಬರಹ.

ಸಂಕಮ್ಮನ ವೇಷ

ಇದು ಹಳೆಯ ಕಾಲದ ಮಾತಾಯಿತು ಎಂದುಕೊಳ್ಳುವಂತಿಲ್ಲ. 2020ರ ಆಗಸ್ಟ್‌ನಲ್ಲಿ, ಗೌರಿ ಗಣೇಶ ಹಬ್ಬದ ಹೊತ್ತಿಗೆ, ರ್‍ಯಾಪ್ ಗಾಯಕ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಎಂಬ ವಿಡಿಯೋ ಹಾಡು ಬಂತು. ಅದು ನಮ್ಮ ಬೆಟ್ಟದ ಕಂಸಾಳೆಯವರ ಹಾಡು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಎಲ್.ಎನ್. ಶಾಸ್ತ್ರಿಯವರ ಕಂಠದಲ್ಲಿ ಬಂದು ನಾಡೆಲ್ಲ ಹಬ್ಬಿತ್ತು. ಮಾದಪ್ಪ ಜಂಗಮನಾಗಿ ಶರಣೆ ಸಂಕಮ್ಮನ ಬಾಗಿಲಿಗೆ ಭಿಕ್ಷೆಗೆ ಬರುವ ಸಂದರ್ಭದ ಹಾಡು. ಹೊಸ ವಿಡಿಯೋದಲ್ಲಿ ಸಂಕಮ್ಮನಿಗೆ ತೊಡಿಸಿದ ವೇಷ, ಕುಣಿಸಿದ ರೀತಿ ಶರಣೆಗೆ ಮಾಡಿದ ಅವಮಾನವೆಂದು ಭಕ್ತರು ಕೆರಳಿದರು. ಗಾಯಕರು ಕ್ಷಮೆ ಕೇಳಿದರು. ವಿಡಿಯೋವನ್ನು ಹಿಂತೆಗೆದುಕೊಂಡರು.

ಸಂಕಮ್ಮನ ಕಥೆ ಗೊತ್ತಿದ್ದವರಿಗೆ ಈ ಪ್ರಸಂಗ ಇನ್ನಷ್ಟು ಚುಚ್ಚುತ್ತದೆ. ಆಕೆ ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಅವಳ ಶೀಲವನ್ನು ಸಂದೇಹಿಸಿ ಆಣೆಭಾಷೆ ಕೇಳುತ್ತಾನೆ. ಸಂಕಮ್ಮ ಕೊಡಲೊಪ್ಪುವುದಿಲ್ಲ. ಅವಳನ್ನು ಹಿಂಸಿಸಿ ಹೋಗುತ್ತಾನೆ. ಆಗ ಬಂದು ಕಾಯುವವನು ಮಾದಪ್ಪ; ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ಅಂದರೆ ಗಂಡಸಿನ ಸಂಶಯದ ಕಣ್ಣಿಗೆ ತಲೆಬಾಗದ ಹೆಣ್ಣಿನ ಕಥೆ ಅದು. ಆ ಕಥೆಯನ್ನು ಶತಮಾನಗಳಿಂದ ಹಾಡಿಕೊಂಡು ಬಂದ ದೇವರಗುಡ್ಡರು ಅವಳನ್ನು ಮಾತಿನಲ್ಲಿ ಕಂಡರು. ವಿಡಿಯೋದವರಿಗೆ ಬೇಕಾದದ್ದು ಗಿರಾಕಿಯ ಕಣ್ಣು ಹಿಡಿಯುವ ಆಕೃತಿ. ಬರಾಡ್ ಹಳೆಯ ಯಂತ್ರದ ಮೇಲೆ ಹೊಸದನ್ನು ಬಳಿದಂತೆ ಇಲ್ಲೂ ಒಂದು ಬಳಿತ ನಡೆಯಿತು.

ಆದರೆ ನನಗೆ ಇನ್ನೊಂದು ಪ್ರಶ್ನೆಯೂ ಇದೆ. ವೇಷದ ಬಗ್ಗೆ ನಾವು ಇಷ್ಟು ಕೆರಳಿದೆವು, ಸರಿ. ಆ ಹಾಡನ್ನು ಕಾಪಾಡಿ ತಂದ ಕಂಸಾಳೆಯವರ ಹೆಸರು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ‘ಜಾನಪದ’ ಎಂಬ ಒಂದೇ ಪದದಡಿ ಕಾಣೆಯಾಗುತ್ತಾ ಬಂದಾಗ ಯಾರಾದರೂ ಕೆರಳಿದ್ದುಂಟೇ? ಕಂಸಾಳೆ ಮಹದೇವಯ್ಯ, ಮಳವಳ್ಳಿ ಮಹದೇವಸ್ವಾಮಿಯವರಂಥ ಕೆಲವರು ತಮ್ಮ ಹೆಸರಿನಿಂದಲೇ ಗುರುತಾದರು. ಅವರ ಹಿಂದೆ ನಿಂತ ನೂರಾರು ಕಂಠಗಳಿಗೆ ಆ ಭಾಗ್ಯ ಸಿಗಲಿಲ್ಲ. ದೇವರ ಚಿತ್ರ ಕೆಟ್ಟರೆ ನಮಗೆ ನೋವಾಗುತ್ತದೆ. ಹಾಡಿದವನ ಹೆಸರು ಅಳಿದರೆ ಗಮನಕ್ಕೇ ಬರುವುದಿಲ್ಲ.

ಮುಖವಿಲ್ಲದೆಯೂ ಹೆಸರು

ನಮ್ಮವರಲ್ಲಿ ಚಿತ್ರ ಸಲ್ಲದು ಎನ್ನುವವರಿದ್ದಾರೆ, ಸಂಗೀತವೇ ಸಲ್ಲದು ಎನ್ನುವವರೂ ಇದ್ದಾರೆ. ಆ ಚರ್ಚೆ ಮಾಡಬೇಕಾದವರು ಆಲಿಮರು. ನಾನು ಕಥೆ ಬರೆಯುವವನು. ನನ್ನ ಮಾತು ಇಷ್ಟೇ: ಮುಖ ಬೇರೆ, ಹೆಸರು ಬೇರೆ. ಮುಖದ ಸಹಾಯವೇ ಇಲ್ಲದೆ ಹೆಸರನ್ನು ಉಳಿಸುವ ವಿದ್ಯೆ ನಮ್ಮ ಪರಂಪರೆಗೆ ಚೆನ್ನಾಗಿ ಗೊತ್ತಿತ್ತು. ಹದೀಸಿನ ಪ್ರತಿಯೊಂದು ಮಾತಿಗೂ ಸನದ್ ಇದೆ: ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಹೆಸರುಗಳ ಸರಪಳಿ. ಅದರಲ್ಲಿ ಹಜ್ರತ್ ಆಯಿಷಾರಿಂದ ಮೊದಲುಗೊಂಡು ಎಷ್ಟೋ ಹೆಂಗಸರ ಹೆಸರಿದೆ. ಯಾರ ಚಿತ್ರವೂ ಇಲ್ಲ. ಹೆಂಗಸು ಹೇಳಿದಳೆಂದು ‘ಖವಾತೀನ್’ ಎಂದು ಬರೆದು ಮುಗಿಸಿದವರೂ ಇಲ್ಲ. ಗಜಲಿನ ಕೊನೆಯ ಶೇರ್‌ನಲ್ಲಿ ಶಾಯರನ ತಖಲ್ಲುಸ್ ಇರುತ್ತದೆ. ವಚನದ ಕೊನೆಯಲ್ಲಿ ಅಂಕಿತವಿರುತ್ತದೆ. ಅಕ್ಕಮಹಾದೇವಿಯ ವಚನವನ್ನು ಅಂಕಿತದಿಂದಲೇ ಗುರುತಿಸುತ್ತೇವೆ. ಶಿಶುನಾಳ ಶರೀಫರು ತಮ್ಮ ಪದಗಳಲ್ಲಿ ಊರಿನ ದೇವರನ್ನೇ ಅಂಕಿತ ಮಾಡಿಕೊಂಡರು. ಈ ನಾಡಿನ ಎಲ್ಲ ಹಾಡಿನ ದಾರಿಗಳೂ ಹಾಡನ್ನೂ ಹೆಸರನ್ನೂ ಜೊತೆಯಲ್ಲೇ ಕಳಿಸಿದವು. ಅವೆರಡನ್ನೂ ಬೇರೆ ಮಾಡಿದ್ದು ಅಂಗಡಿಯ ಗಾಜು.

ಆದ್ದರಿಂದ ಹಾಡಿನ ಜಾಹೀರಾತು ಕಂಡಾಗ ನಾನೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ದೊಡ್ಡದಾಗಿ ಕಾಣುತ್ತಿರುವುದು ಯಾರ ಮುಖ? ಚಿಕ್ಕದಾಗಿ ಬರೆದಿರುವುದು ಯಾರ ಹೆಸರು? ಬಣ್ಣದ ಅಡಿಯಲ್ಲಿ ಯಾರಿದ್ದಾರೆ?

ಹನೂರಿನ ಆ ಅಂಗಡಿ ಈಗ ಮೊಬೈಲ್ ರೀಚಾರ್ಜ್ ಅಂಗಡಿಯಾಗಿದೆ. ಕಳೆದ ವರ್ಷ ಫುಪ್ಪಿಯ ಕ್ಯಾಸೆಟ್ಟನ್ನು ಮೈಸೂರಿಗೆ ಒಯ್ದು ಫೋನಿಗೆ ಹಾಕಿಸಿಕೊಂಡು ಬಂದೆ. ಟೇಪು ಅಲ್ಲಲ್ಲಿ ಅಲೆಯುತ್ತದೆ, ಆದರೆ ದನಿ ಉಳಿದಿದೆ. ಫೋನಿನ ಪರದೆಯ ಮೇಲೆ, ಚಿತ್ರವಿರಬೇಕಾದ ಚೌಕದಲ್ಲಿ ಬೂದು ಬಣ್ಣ. ಅದರ ಕೆಳಗೆ ‘ಅಪರಿಚಿತ ಕಲಾವಿದರು’ ಎಂದು ಬಂತು. ಎಪ್ಪತ್ತು ದಾಟಿದ ಫುಪ್ಪಿಗೆ ಓದಿ ಹೇಳಿದೆ. ನಕ್ಕರು. “ಆ ದಿನದಿಂದ ಇಲ್ಲಿಯವರೆಗೂ ನನ್ನ ಪರಿಚಯ ಆಗಲಿಲ್ವೇನೋ ಅವರಿಗೆ” ಎಂದರು.

ಈ ಲೇಖನದಲ್ಲಿ ನಿಮ್ಮ ಹೆಸರು ಬರೆಯಲೇ ಎಂದು ಕೇಳಿದೆ. ಬೇಡ ಎಂದರು. ಪತ್ರಿಕೆಯವರಿಗೆ ಯಾಕೆ, ನನ್ನ ಮೊಮ್ಮಕ್ಕಳ ಫೋನಿನಲ್ಲಿ ಹಾಕು, ಸಾಕು. ಹಾಗೆಯೇ ಮಾಡಿದ್ದೇನೆ. ಎಂಟು ನಾತ್‌ಗಳಿಗೂ ಒಂದೊಂದಾಗಿ, ಅಬ್ಬಾ ಬರೆದಿದ್ದಂತೆಯೇ ಉರ್ದುವಿನಲ್ಲಿ. ಚಿತ್ರದ ಚೌಕವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.